ಕುರ್ಚಿಯಲ್ಲಿ ಕುಳಿತು ಅಲ್ಹಂಬ್ರಕ್ಕೆ

ಊರು ಬಿಟ್ಟು ಹೋಗದವರಲ್ಲಿ ಎರಡು ಬಗೆ. ಹೋಗುವ ಆಸೆಯಿದ್ದೂ ಹೋಗಲಾಗದವರು ಒಂದು, ಹೋಗಲು ಎಲ್ಲ ಅನುಕೂಲವಿದ್ದೂ ನೆಪ ಹುಡುಕುವವರು ಇನ್ನೊಂದು. ನಾನು ಎರಡನೆಯ ಬಗೆಗೆ ಸೇರಿದವನು. ಆದರೆ ಊರಿನಲ್ಲಿ ಮೊದಲನೆಯ ಬಗೆಯವನೆಂದು ಹೆಸರು ಮಾಡಿದ್ದೇನೆ. 'ಪಾಪ, ಅವ್ರಿಗೆ ಪುರ್ಸೊತ್ತೇ ಇಲ್ಲೆ' ಎಂದು ಜನ ಮರುಗುವಾಗ ನಾನೂ ಸ್ವಲ್ಪ ಮರುಗಿಕೊಳ್ಳುತ್ತೇನೆ. ನಮ್ಮ ಕಡೆಯವರ ಕಾಲಿಗೆ ಚಕ್ರ ಕಟ್ಟಿದ ಹಾಗೆ. ದೇಶದ ಯಾವ ಪೇಟೆಗೆ ಹೋದರೂ ಕುಂದಾಪುರದ ಕಡೆಯವರದೊಂದು ಹೋಟೆಲ್ ಇದ್ದೇ ಇರುತ್ತದಂತೆ. 'ಅಂತೆ' ಎಂದೇ ಹೇಳಬೇಕು, ನಾನು ಹೋಗಿ ನೋಡಿದವನಲ್ಲ. ಸಾಲಿಗ್ರಾಮದ ಮನೆಯಿಂದ ಕುಂದಾಪುರದ ಕಚೇರಿ, ಕಚೇರಿಯಿಂದ ಮನೆ, ನಿವೃತ್ತನಾಗುವವರೆಗೆ ನನ್ನ ಜಗತ್ತು ಇಷ್ಟೇ. ಒಮ್ಮೆ ಹತ್ತಿರದ ಬೈಂದೂರಿಗೆ ಮದುವೆಯೂಟಕ್ಕೆ ಹೋದದ್ದನ್ನು ಇವತ್ತಿಗೂ 'ನಾನು ಉತ್ತರದ ಕಡೆ ಹೋಗಿದ್ದಾಗ' ಎಂದು ಶುರುಮಾಡಿ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ನನ್ನ ತಲೆ. ಅದರೊಳಗಿನದ್ದೇನೋ ಬಸ್ಸು ತಿರುಗಿದ ಕಡೆಗೆ ತಿರುಗದೆ ಎದುರು ದಿಕ್ಕಿಗೆ ತಿರುಗುತ್ತದೆ. ನೆಟ್ಟಗಿನ ಹೆದ್ದಾರಿಯಲ್ಲಿ ನಾನು ರಾಜ. ಘಾಟಿಯ ಮೊದಲ ತಿರುವಿನಲ್ಲೇ ಕಿಟಕಿಯಿಂದ ಹೊರಗೆ ಅರ್ಧ ದೇಹ. ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸದಿಂದ ನಾನು ಮರಳಿ ಬಂದಾಗ ನನ್ನ ಅಂಗಿಗಿಂತ ಪಕ್ಕದಲ್ಲಿ ಕುಳಿತಿದ್ದವನ ಅಂಗಿ ಒಗೆಯುವುದೇ ದೊಡ್ಡ ಕೆಲಸವಾಗಿತ್ತಂತೆ.

ಹೀಗಿರುವವನಿಗೆ ಗಂಟುಬಿದ್ದವಳು ಜಲಜ. ಅವಳಿಗೆ ಬಸ್ಸಿನ ಹಾರನ್ ಕೇಳಿದರೆ ಸಾಕು, ಮುಖ ಅರಳುತ್ತದೆ. ಮದುವೆಯಾದ ಹೊಸತರಲ್ಲೇ "ಹ್ವಾಯ್, ಇಬ್ರೂ ಎಲ್ಲಾದ್ರೂ ಹೋಪ" ಎಂದಿದ್ದಳು. "ಮಳೆ ಮುಗಿಲಿ" ಎಂದೆ. ಮಳೆ ಮುಗಿದ ಮೇಲೆ "ಸೆಕೆ ಒಂಚೂರ್ ಕಮ್ಮಿ ಆಯ್ಲಿ" ಎಂದೆ. ನಮ್ಮ ಊರಿನಲ್ಲಿ ಇವೆರಡರ ನಡುವೆ ಬಿಡುವೇ ಇಲ್ಲವಾದ್ದರಿಂದ ಬಹಳ ಕಾಲ ಹೀಗೇ ಸಾಗಿತು. ಕೊನೆಗೆ "ರಿಟೈರ್ ಆಯ್ಲಿ" ಎಂದುಬಿಟ್ಟೆ. ಅದೇ ನಾನು ಮಾಡಿದ ತಪ್ಪು. ಮಳೆ, ಸೆಕೆಗಳ ಹಾಗಲ್ಲ, ಸರ್ಕಾರ ಹೇಳಿದ ದಿನಕ್ಕೆ ಸರಿಯಾಗಿ ರಿಟೈರ್ ಮಾಡಿಬಿಡುತ್ತದೆ.

ಆಗಲೇ ಜಲಜಳ ಭಜನಾ ಮಂಡಳಿಯ ಹೆಂಗಸರು ಸೇರಿ ಬೇಲೂರು, ಹಳೇಬೀಡಿಗೆ ಒಂದು ಟೆಂಪೊ ಮಾಡಿದರು. ಗಂಡಂದಿರೂ ಬರಬಹುದೆಂಬ ಅಪಾಯಕಾರಿ ನಿರ್ಣಯವನ್ನೂ ಮಾಡಿದರು. ದಾರಿಯಲ್ಲಿ ಆಗುಂಬೆ! ಸುತ್ತಿ ಸುತ್ತಿ ಏರುವ ಆ ಘಾಟಿಯ ಹೆಸರು ಕೇಳಿಯೇ ನಾನು ಹೊಸ ನೆಪ ಹುಡುಕತೊಡಗಿದೆ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಅದೇ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಅಲ್ಹಂಬ್ರ. ಸ್ಪೇನ್ ದೇಶದ ಗ್ರಾನಡದಲ್ಲಿ, ಹಿಂದೆ ಅಲ್ಲಿ ಆಳುತ್ತಿದ್ದ ಮುಸ್ಲಿಂ ಅರಸರು ಗುಡ್ಡದ ಮೇಲೆ ಕಟ್ಟಿದ ಕೋಟೆ, ಅರಮನೆ, ತೋಟ. ಕಂಪ್ಯೂಟರಿನಲ್ಲಿ ಅದರೊಳಗೆಲ್ಲ ಸುತ್ತಾಡಬಹುದಂತೆ. ಬಾಣದ ಗುರುತು ಒತ್ತಿದರೆ ಮುಂದಕ್ಕೆ, ಮೌಸ್ ಎಳೆದರೆ ಸುತ್ತಲೂ.

"ಜಲಜ, ಬೇಲೂರ್ ಎಂತಕೆ? ನಿನ್ನ್ ಸ್ಪೇನಿಗೇ ಕರ್ಕಂಡ್ ಹೋತೆ" ಎಂದು ದೊಡ್ಡ ದನಿಯಲ್ಲಿ ಘೋಷಿಸಿದೆ. ಎಲ್ಲವನ್ನೂ ವಿವರಿಸಿದೆ. ಜಗಳ ಮಾಡುತ್ತಾಳೆಂದುಕೊಂಡಿದ್ದರೆ, "ಆತ್, ಹೋಪ" ಎಂದಳು. ಹೆಂಡತಿ ಇಷ್ಟು ಬೇಗ ಒಪ್ಪಿದರೆ ಗಂಡನಾದವನು ಹೆದರಬೇಕು. ನಾನು ಹೆಮ್ಮೆಪಟ್ಟೆ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಒಲೆ ಹೊತ್ತಿಲ್ಲ. ಜಲಜ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕೈಚೀಲ ಹಿಡಿದು ಜಗಲಿಯಲ್ಲಿ ಕುಳಿತಿದ್ದಾಳೆ. ಕೊಕ್ಕರ್ಣೆಯಿಂದ ನನ್ನ ಅಕ್ಕ ರುಕ್ಮಿಣಿಯನ್ನೂ ಕರೆಸಿದ್ದಾಳೆ. ನನಗೆ ತಲೆಯೆಲ್ಲ ನರೆತಿದ್ದರೂ ಅಕ್ಕನಿಗೆ ನಾನಿನ್ನೂ ಹುಡುಗ, ಕರೆಯುವುದು 'ಮಾಣಿ' ಎಂದೇ.

"ತಿಂಡಿ?" ಎಂದು ಕೇಳಿದೆ.

"ಸ್ಪೇನಿಗ್ ಹೋಪ್ ದಿನ ಮನಿಯಂಗ್ ಅಡ್ಗಿ ಮಾಡೂಕ್ ಆತ್ತಾ?" ಎಂದಳು ಜಲಜ. ಕೈಚೀಲದೊಳಗೆ ಚಕ್ಕುಲಿ, ಬಾಳೆಹಣ್ಣು, ನೀರಿನ ಬಾಟಲಿ, ಒಂದೆರಡು ನಿಂಬೆಹಣ್ಣು, ಮಡಚಿಟ್ಟ ಪ್ಲಾಸ್ಟಿಕ್ ಚೀಲ, ನಾವು ಕೊಟ್ಟೆ ಎನ್ನುವುದು. ಕೊನೆಯ ಎರಡು ಯಾರಿಗೆಂದು ನಾನು ಕೇಳಲಿಲ್ಲ.

ಮೂವರೂ ಕಂಪ್ಯೂಟರಿನ ಮುಂದೆ ಕುಳಿತೆವು. ನಮ್ಮ ಮುರಕಲ್ಲಿನ ಕೆಂಪು ಬಣ್ಣದ ಗೋಡೆ ಕಂಡದ್ದೇ ಅಕ್ಕನಿಗೆ ಸಮಾಧಾನವಾಯಿತು. ಬಾಗಿಲು ದಾಟಿದೆವು. ಉದ್ದನೆಯ ಕೊಳ, ಕೊಳದಲ್ಲಿ ಕಂಬಗಳ ನೆರಳು, ಗೋಡೆಯ ತುಂಬ ಬಳ್ಳಿಯ ಹಾಗೆ ಹಬ್ಬಿದ ಅರಬ್ಬೀ ಬರಹ, ತಲೆಯೆತ್ತಿದರೆ ಜೇನುಗೂಡಿನಂತೆ ಕೊರೆದ ಚಾವಣಿ. ನಿಜ ಹೇಳುತ್ತೇನೆ, ಬಾಣ ಒತ್ತುವುದನ್ನೇ ಮರೆತೆ. ಮನುಷ್ಯರು ಇಷ್ಟು ಚೆಂದ ಕಟ್ಟುತ್ತಾರೆ, ನಾನು ದೊಡ್ಡವನಾದ ಮೇಲೆ ಬೈಂದೂರಿನಿಂದಾಚೆ ಹೋಗಿಲ್ಲ ಅಂತ ಮನಸ್ಸಿಗೆ ಚುಚ್ಚಿತು. ಚುಚ್ಚಿದ್ದನ್ನು ತೋರಿಸಿಕೊಳ್ಳದೆ ಗೈಡಿನ ಗತ್ತಿನಲ್ಲಿ ವಿವರಿಸತೊಡಗಿದೆ.

"ಒಬ್ರೂ ಕಾಂತಿಲ್ಲೆ ಅಲ್ದಾ?" ಎಂದಳು ಅಕ್ಕ. "ಇಷ್ಟ್ ಹೊತ್ತಾಯ್ತ್ ಬಂದ್, ಆಸ್ರಿಗ್ ಬೇಕಾ ಅಂದೇಳಿ ಕೇಂಬರ್ ಒಬ್ರಿಲ್ಲೆ. ಎಂತ ಅರಮನಿಯೋ!"

ನಮ್ಮ ಕಡೆ ಯಾರ ಜಗಲಿ ಹತ್ತಿದರೂ ಮೊದಲು ಕೈಗೆ ಬರುವುದು ಬೆಲ್ಲದ ತುಂಡು, ನೀರು. ಅದೇ ಆಸ್ರಿ. ಅದಿಲ್ಲದ ಮನೆಗೆ ಅಕ್ಕ ಎರಡನೆಯ ಸಲ ಹೋಗುವುದಿಲ್ಲ. ಜಲಜಳ ದೂರು ಬೇರೆ. "ಅಡ್ಗಿಮನಿ ಎಲ್ಲಿತ್ತ್? ಕಾಣ್ಸಿ." ನಾನು ಬಾಣ ಒತ್ತಿದ್ದೇ ಒತ್ತಿದ್ದು. ಸ್ನಾನದ ಮನೆ ಸಿಕ್ಕಿತು, ಸಿಂಹಾಸನದ ಕೋಣೆ ಸಿಕ್ಕಿತು, ಅಡುಗೆಮನೆ ಮಾತ್ರ ಸಿಗಲಿಲ್ಲ. "ಇಷ್ಟ್ ದೊಡ್ಡ ರಾಜ, ಅಡ್ಗಿಮನಿ ಎಲ್ಲಿತ್ತಂದೇಳಿ ಅವ್ನಿಗೂ ಗೊತ್ತಿರ್ಲಿಲ್ಯಾ ಏನ" ಎಂದು ನಾನೇ ನಕ್ಕೆ. ಜಲಜ ನಗಲಿಲ್ಲ.

ಕೊನೆಗೆ ಸಿಂಹಗಳ ಅಂಗಳಕ್ಕೆ ಬಂದೆವು. ನಡುವೆ ಕಾರಂಜಿ, ಅದರ ಬೋಗುಣಿಯನ್ನು ಬೆನ್ನ ಮೇಲೆ ಹೊತ್ತ ಕಲ್ಲಿನ ಸಿಂಹಗಳು. ಒಂದು ಸುತ್ತು ತೋರಿಸೋಣವೆಂದು ಹೊರಟೆ. ಅರ್ಧ ದಾರಿಯಲ್ಲಿ ಅಕ್ಕ ನನ್ನ ಕೈಯನ್ನೇ ಹಿಡಿದಳು.

"ಮಾಣಿ, ಎಂತ ಮಾಡುದ್ ನೀನ್? ಅಪ್ರದಕ್ಷಿಣೆ ಬಪ್ಪುದಾ? ತಿರ್ಗ್ಸ್!"

"ಅಕ್ಕಾ, ಅದ್ ದೇವಸ್ಥಾನ ಅಲ್ಲ, ಅರಮನಿ."

"ಅರಮನಿ ಆದ್ರೂ ನಡುಕೆ ಸಿಂಹ ಇತ್ತಲ್ದಾ? ಹೆಣ್ಮಕ್ಕಳ್ ಇಪ್ಪು ಮನಿ, ಸುಮ್ನೆ ಎಂತಕೆ? ಬಲಕ್ಕ್ ತಿರ್ಗ್ಸ್!"

ಗಾಬರಿಯಲ್ಲಿ ಮೌಸನ್ನು ಜೋರಾಗಿ ಎಳೆದೆ. ಅಂಗಳ ಗಿರ್ರನೆ ತಿರುಗಿತು. ಕಂಬ, ಸಿಂಹ, ಚಾವಣಿ, ನೆಲ, ಮತ್ತೆ ಸಿಂಹ. ನಿಲ್ಲಿಸಲು ಎಡಕ್ಕೆ ಎಳೆದೆ, ಅದು ಎಡಕ್ಕೆ ತಿರುಗಿತು. ನನ್ನ ಕಣ್ಣು ಕತ್ತಲೆ ಬಂತು, ಬಾಯಿಯಲ್ಲಿ ನೀರೂರಿತು. ಜಲಜ ನನ್ನ ಮೂಗಿಗೆ ನಿಂಬೆಹಣ್ಣು, ಗಲ್ಲದ ಕೆಳಗೆ ಪ್ಲಾಸ್ಟಿಕ್ ಕೊಟ್ಟೆ ಹಿಡಿದಳು. ನಾಲ್ಕು ಕಾಲಿನ ಗಟ್ಟಿ ಕುರ್ಚಿಯ ಮೇಲೆ, ಸ್ವಂತ ಮನೆಯ ಚಾವಡಿಯಲ್ಲಿ ಕುಳಿತು ಪ್ರಯಾಣದ ವಾಂತಿ ಮಾಡಿದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಸುಧಾರಿಸಿಕೊಂಡ ಮೇಲೆ ಜಲಜ ಮೆಲ್ಲಗೆ ಹೇಳಿದಳು. "ಮನಿಯಂಗ್ ಕೂಕಂಡ್ರೂ ತಲಿ ತಿರ್ಗತ್ತ್ ಅಂದ್ರೆ, ಬಸ್ಸಿನ್ ತಪ್ಪ್ ಎಂತ ಹೇಳಿ? ಹ್ಯಾಂಗೂ ಆಪುದ್ ಆತ್ತ್. ನನ್ನ್ ಒಟ್ಟಿಗೇ ಬನ್ನಿ. ಒಂದ್ ಸಲ."

ಆ 'ಒಂದ್ ಸಲ'ಕ್ಕಾದರೂ ಹೋಗಬೇಕಿತ್ತು. ಆದರೆ ರೂಢಿಯೆಂಬುದು ಕೆಟ್ಟದ್ದು. "ಮನಿ ಕಾಂಬುಕೆ ಒಬ್ರ್ ಬೇಕಲ್ದಾ?" ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು. ಜಲಜ ನಿಂಬೆಹಣ್ಣನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು.

ಟೆಂಪೊ ಹೊರಟ ದಿನ ಅಕ್ಕನೂ ಅವಳ ಜೊತೆ ಹತ್ತಿದಳು. ನಾನು ಗೇಟಿನಲ್ಲಿ ನಿಂತು ಕೈಬೀಸಿ ಒಳಗೆ ಬಂದೆ. ಚಾವಡಿ, ಕೋಣೆ, ಹಿಂದಿನ ಜಗಲಿ ಎಲ್ಲ ಸುತ್ತಿದೆ. ಎಲ್ಲ ಚೊಕ್ಕಟವಾಗಿತ್ತು, ಎಲ್ಲ ಇದ್ದಲ್ಲೇ ಇತ್ತು, ಒಬ್ಬರೂ ಇರಲಿಲ್ಲ. ಆಸ್ರಿಗೆ ಬೇಕಾ ಎಂದು ಕೇಳುವವರಿಲ್ಲದ ಮನೆ ಎಷ್ಟು ದೊಡ್ಡದಾಗುತ್ತದೆಂದು ಆಗ ಗೊತ್ತಾಯಿತು.

ನಾನೇ ಆಸ್ರಿ ಮಾಡಿಕೊಳ್ಳೋಣವೆಂದು ಅಡುಗೆಮನೆಗೆ ಹೋದೆ. ಬೆಲ್ಲದ ಡಬ್ಬಿ ಸಿಗಲಿಲ್ಲ. ಒಂದೇ ಬಗೆಯ ಡಬ್ಬಿಗಳು ಸಾಲುಸಾಲು. ತೆರೆದದ್ದರಲ್ಲೆಲ್ಲ ಮೆಣಸು, ಕೊತ್ತಂಬರಿ. ಹೊತ್ತು ಮಧ್ಯಾಹ್ನಕ್ಕೆ ತಿರುಗಿದಾಗ ಸೋತು ಜಲಜಳಿಗೆ ವಿಡಿಯೊ ಕರೆ ಮಾಡಿದೆ. ಪರದೆಯಲ್ಲಿ ಅವಳ ಮುಖದ ಹಿಂದೆ ಭಜನಾ ಮಂಡಳಿಯ ಮುಖಗಳೆಲ್ಲ ಇಣುಕಿದವು.

"ಫೋನ್ ತಿರ್ಗ್ಸಿ, ಕಾಂಬ" ಎಂದಳು. ತಿರುಗಿಸಿದೆ. "ಒಂಚೂರ್ ಬಲಕ್ಕ್. ಅದಲ್ಲ, ಕೆಳಗ್. ಮುಂದ್ ಹೋಯ್ನಿ." ನಾನು ನನ್ನದೇ ಅಡುಗೆಮನೆಯಲ್ಲಿ ಹೆಜ್ಜೆಯಿಟ್ಟೆ. ಸಿಂಕಿನ ಪಾತ್ರೆ ಕಂಡು ಟೆಂಪೊ ಪೂರ್ತಿ ನಕ್ಕಿತು. ಗಡಿಬಿಡಿಯಲ್ಲಿ ಎಡಕ್ಕೆ ತಿರುಗಿದೆ.

"ಮಾಣೀ, ಅಪ್ರದಕ್ಷಿಣೆ!" ಎಂದು ಅಕ್ಕನ ಕೂಗು ಕೇಳಿತು.

ಥಟ್ಟನೆ ಬಲಕ್ಕೆ ತಿರುಗಿದೆ. ಡಬ್ಬಿ, ಒಲೆ, ಸಿಂಕು, ಮತ್ತೆ ಡಬ್ಬಿ. ಕಣ್ಣು ಕತ್ತಲೆ ಬಂದು ನೆಲದ ಮೇಲೆ ಕುಕ್ಕರಿಸಿದೆ. "ಜಲಜ, ನಿಂಬೆಹಣ್ಣ್ ಎಲ್ಲಿತ್ತ್?" ಎಂದೆ.

ನಗು ನಿಂತಿತು. ಜಲಜ ಫೋನನ್ನು ಪಕ್ಕಕ್ಕೆ ತಿರುಗಿಸಿದಳು. ಕಿಟಕಿ ಪಕ್ಕದ ಸೀಟು ಖಾಲಿ. ಅದರ ಮೇಲೆ ಮಡಚಿಟ್ಟ ಪ್ಲಾಸ್ಟಿಕ್ ಕೊಟ್ಟೆ, ಎರಡು ನಿಂಬೆಹಣ್ಣು.

"ಕಾಣಿ" ಎಂದಳು, "ನಿಮ್ಮ್ ಸೀಟಿನ್ ಮೇಲೆ ಇತ್ತ್."