ನಾಲ್ಕನೆಯ ನಂಬರು ಮತ್ತು ಹುಲುಗಪ್ಪನ ಅಂಗೈ

ಸೀಟು ಸಿಕ್ಕವರನ್ನು ಜನ ಅಭಿನಂದಿಸುತ್ತಾರೆ, ಸಿಗದವರನ್ನು ಸಮಾಧಾನ ಮಾಡುತ್ತಾರೆ. ವೇಟಿಂಗ್ ಲಿಸ್ಟಿನಲ್ಲಿರುವವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಪೇಡೆ ಕೇಳುವಂತಿಲ್ಲ, ಅಯ್ಯೋ ಪಾಪ ಎನ್ನುವಂತೆಯೂ ಇಲ್ಲ. ಆ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದವರೆಲ್ಲ ನನ್ನನ್ನು ನೋಡಿ ಅರ್ಧ ನಗು ನಕ್ಕು, ಉಳಿದರ್ಧವನ್ನು ಪತ್ರ ಬಂದ ಮೇಲೆ ಕೊಟ್ಟರಾಯಿತೆಂದು ವಾಪಸು ಒಯ್ಯುತ್ತಿದ್ದರು. ನಾನು ಮಾತ್ರ ಸೀಟು ಸಿಕ್ಕವರಿಗಿಂತ ಧೈರ್ಯವಾಗಿದ್ದೆ. ಸುಳ್ಳೇಕೆ ಹೇಳಲಿ, ಆ ಧೈರ್ಯ ಇಂದಿಗೂ ಅಷ್ಟಿಷ್ಟು ಉಳಿದಿದೆ. ಆದರೆ ರಸ್ತೆ ದಾಟುವಾಗ ಮಾತ್ರ ಅದು ನನ್ನ ಜೊತೆ ಬರುವುದಿಲ್ಲ. ಆಚೆ ದಡದಲ್ಲಿ ನಿಂತು, ನೀನು ಬಾ, ನಾನು ಇಲ್ಲೇ ಇರುತ್ತೇನೆ ಎನ್ನುತ್ತದೆ. ಅದಕ್ಕೆ ಕಾರಣವಿದೆ.

ಆಗ ಸಂಡೂರಿನ ಬೆಟ್ಟಗಳು ಲಾರಿ ಹತ್ತಿ ಊರು ಬಿಡುತ್ತಿದ್ದ ಕಾಲ. ಹೊಸಪೇಟೆಯಲ್ಲಿ ಸಂಡೂರು ರಸ್ತೆಗೆ ಮುಖ ಮಾಡಿದ ನಮ್ಮ ಮನೆಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಅದಿರಿನ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಅದಿರಿನ ಧೂಳಿಗೆ ನಮ್ಮ ಓಣಿಯಲ್ಲಿ ಬಿಳಿ ಎಂಬ ಬಣ್ಣವೇ ಇರಲಿಲ್ಲ. ಬೇವಿನ ಮರ ಕೆಂಪು, ಒಣಹಾಕಿದ ಪಂಚೆ ಕೆಂಪು, ಎದುರು ಮನೆಯ ಬಿಳಿ ನಾಯಿ ಹುಟ್ಟಿದ ವಾರಕ್ಕೇ ಕೆಂಪು. ಬಿ.ಎಸ್ಸಿ. ಮುಗಿಸಿದ ನನಗೆ, ಈ ಬೆಟ್ಟಗಳು ಖಾಲಿಯಾಗುವ ಮೊದಲು ಅವುಗಳ ಹೊಟ್ಟೆಯಲ್ಲಿ ಏನಿತ್ತೆಂದು ಓದಿಬಿಡಬೇಕೆಂಬ ಅವಸರ. ಮೈಸೂರಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ.ಗೆ ಅರ್ಜಿ ಹಾಕಿದೆ. ಇರುವುದು ಹದಿನಾರೇ ಸೀಟು. ನನ್ನದು ವೇಟಿಂಗ್ ಲಿಸ್ಟಿನಲ್ಲಿ ನಾಲ್ಕನೆಯ ನಂಬರು.

ನಾಲ್ಕೆಂದರೆ ಹತ್ತಿರವೇ. ಮೇಲಿನ ಮೂವರನ್ನು ಕದಲಿಸಿದರೆ ಸಾಕು. ಅಕ್ಕಿ ಆರಿಸುತ್ತ ಕೂತು ಆ ಕೆಲಸವನ್ನು ನಾನು ಮನಸ್ಸಿನಲ್ಲೇ ಮುಗಿಸಿದ್ದೆ. ಒಂದನೆಯವನಿಗೆ ಇನ್ನೂ ದೊಡ್ಡ ಕಾಲೇಜು ಸಿಕ್ಕಿತು. ಎರಡನೆಯವಳಿಗೆ ಒಳ್ಳೆಯ ಕಡೆ ಸಂಬಂಧ ಕೂಡಿಬಂತು, ಹುಡುಗ ಬ್ಯಾಂಕಿನಲ್ಲಿದ್ದಾನೆ. ಮೂರನೆಯವನು ಸರ್ಕಾರಿ ನೌಕರಿಗೆ ಸೇರಿದ. ಯಾರಿಗೂ ಕೆಟ್ಟದ್ದು ಬಯಸಲಿಲ್ಲ ನೋಡಿ, ಎಲ್ಲರನ್ನೂ ಒಂದು ದಡ ಮುಟ್ಟಿಸಿದೆ. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ಚಹಾ ಲೋಟ ಕೆಳಗಿಟ್ಟು, "ಎಲ್ಲಾ ಖರೇವ. ಆದ್ರ ನಿನ್ನ ಕೆಳಗ ಐದನೇದಾಕಿ ಒಬ್ಬಾಕಿ ಇರ್ತಾಳಲ್ಲ, ಆಕಿ ಇಷ್ಟೊತ್ತಿಗೆ ನಿನಗೂ ಲಗ್ನ ಮಾಡಿ ಅಕ್ಕಿಕಾಳು ಹಾಕಿರ್ತಾಳ ನೋಡು" ಎಂದರು.

ಅಪ್ಪನಿಗೆ ಎಲ್ಲವೂ ಲಗ್ನದ ಭಾಷೆಯಲ್ಲೇ ಹೊಳೆಯುತ್ತಿತ್ತು. ನಮ್ಮದು ಪಾತ್ರೆ ಅಂಗಡಿ. ಕಮಲಾಪುರ, ಕಂಪ್ಲಿ, ಮರಿಯಮ್ಮನಹಳ್ಳಿಯಿಂದ ಬಂದು ಕೊಡ, ಕೊಳಗ ಒಯ್ಯುವವರೆಲ್ಲ ಹೋಗುವಾಗ ಒಂದು ಲಗ್ನಪತ್ರಿಕೆ ಕೊಡುವುದು ರೂಢಿ. ದೂರದವರು ಅಂಚೆಯಲ್ಲಿ ಕಳಿಸುತ್ತಿದ್ದರು. ಮೂಲೆಗಳಿಗೆ ಕುಂಕುಮ ಹಚ್ಚಿದ ಆ ಲಕೋಟೆಗಳನ್ನು ಅವ್ವ ದೇವರ ಮುಂದೆ ಒಂದು ಗಳಿಗೆ ಇಟ್ಟು, ತಂದವರ ಕೈಗೆ ಸಕ್ಕರೆ ಹಾಕಿ, ಆಮೇಲೆ ನಡುಮನೆಯ ತಂತಿ ಕೊಕ್ಕೆಗೆ ಚುಚ್ಚುತ್ತಿದ್ದಳು. ಬಂದ ದಿನ ಯಾವುದನ್ನೂ ಒಡೆಯುವಂತಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪ ಕೊಕ್ಕೆ ಇಳಿಸಿ, ಎಲ್ಲ ಒಡೆದು, ತಾರೀಖಿನ ಪ್ರಕಾರ ಜೋಡಿಸಿ, ಯಾವ ಊಟಕ್ಕೆ ಯಾರು ಹೋಗಬೇಕೆಂದು ತೀರ್ಮಾನ ಮಾಡುತ್ತಿದ್ದರು. ಹೋಳಿಗೆ ಇರುವ ಲಗ್ನಗಳು ಅಪ್ಪನ ಪಾಲಿಗೆ, ಬಿಸಿಲಲ್ಲಿ ಬಸ್ಸು ಬದಲಿಸಬೇಕಾದವು ನನ್ನ ಪಾಲಿಗೆ.

ಇತ್ತ ಸಂಡೂರಿನ ಸೋದರಮಾವ ನನಗೊಂದು ನೌಕರಿ ಹುಡುಕಿದ್ದರು. ಲಾರಿ ತೂಗುವ ವೇಬ್ರಿಜ್ಜಿನ ಆಫೀಸಿನಲ್ಲಿ ಕೂತು ಲಾರಿ ನಂಬರು ಬರೆಯುವುದು. "ಸೋಮವಾರ ಬಂದು ಕುಂದ್ರಬೇಕು ನೋಡು. ಒಂದಿನ ತಡ ಆದ್ರೂ ಬ್ಯಾರೇದವ್ರು ಕುಂದ್ರತಾರ. ಕಲ್ಲು ಓದಾಕ ಮೈಸೂರಿಗೆ ಯಾಕ ಹೋಗ್ತೀಯವ್ವ? ಇಲ್ಲಿ ಲಾರಿಗಟ್ಟಲೆ ಕಲ್ಲು ಐತಿ, ನೋಡ್ಕೋತ ಕುಂದ್ರು" ಎಂದಿದ್ದರು. ಸೋಮವಾರದೊಳಗೆ ಪತ್ರ ಬಾರದಿದ್ದರೆ ವೇಬ್ರಿಜ್ಜೇ ಗತಿ ಎಂದು ಅಪ್ಪನೂ ಒಪ್ಪಿದ್ದರು. ಮೈಸೂರಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರೆ ಕಾಲೇಜಿನ ಗುಮಾಸ್ತರು, "ಪತ್ರ ಬರುತ್ತಮ್ಮ" ಎಂದರು. "ಬರದಿದ್ದರೆ ಸಾರ್?" "ಬರಲಿಲ್ಲ ಅಂತ ಅರ್ಥಮ್ಮ." ಮೂರನೆಯ ಸಲ ಮಾಡಿದಾಗ ನಾನು ಹಲೋ ಎನ್ನುವ ಮೊದಲೇ, "ನಾಲ್ಕನೇ ನಂಬರಾ?" ಎಂದರು. ಮೈಸೂರಿನಲ್ಲಿ ನನ್ನನ್ನು ಗುರುತಿಸುವವರು ಆಗಲೇ ಒಬ್ಬರು ಇದ್ದರೆಂದು ನನಗೆ ಹೆಮ್ಮೆಯಾಯಿತು.

ಇನ್ನು ಉಳಿದದ್ದು ನಮ್ಮ ಓಣಿಯ ಪೋಸ್ಟ್‌ಮ್ಯಾನ್ ಹುಲುಗಪ್ಪ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ರಸ್ತೆಯಾಚೆಯ ಚಹಾದಂಗಡಿ ಮುಂದೆ ಸೈಕಲ್ ನಿಲ್ಲಿಸಿ ಲೋಟ ಹಿಡಿಯುವುದು ಅವನ ಪದ್ಧತಿ. ಮೊದಮೊದಲು ನಾನು ಲಾರಿಗಳ ಸಂದಿಯಲ್ಲಿ ದಾಟಿಹೋಗಿ ಕೇಳುತ್ತಿದ್ದೆ. ಅವನಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಯವ್ವಾ ನೀಲವ್ವ, ನೀ ಹಿಂಗ ದಿನಾ ಓಡಿ ಬರಬ್ಯಾಡ. ಕಾಗದ ಇದ್ರ ಕೈ ಬೀಸಿ ಕರೀತೀನಿ. ಇಲ್ಲಾಂದ್ರ ಅಂಗೈ ತೋರಸ್ತೀನಿ, ಅಲ್ಲಿಂದ್ಲೇ ತಿರುಗು" ಎಂದು ಒಪ್ಪಂದ ಮಾಡಿಕೊಂಡ. ಹದಿನೆಂಟು ದಿನ ಅಂಗೈ ನೋಡಿದೆ. ಅವನ ಅಂಗೈಯ ಗೆರೆಗಳು ನನಗೆ ರಸ್ತೆಯೀಚೆಯಿಂದಲೂ ಬಾಯಿಪಾಠವಾಗಿದ್ದವು.

ಹತ್ತೊಂಬತ್ತನೆಯ ದಿನ ಮಂಗಳವಾರ, ಮಾವನ ಸೋಮವಾರಕ್ಕೆ ಇನ್ನು ಆರೇ ದಿನ. ನಾನು ರಸ್ತೆಯಂಚಿನಲ್ಲಿ ನಿಂತಿದ್ದೆ. ಒಂದು ಕಾಲು ಡಾಂಬರಿನ ಮೇಲೆ ಇಟ್ಟೂ ಆಗಿತ್ತು, ಕರೆದ ಕೂಡಲೆ ಓಡಬೇಕಲ್ಲ. ಹುಲುಗಪ್ಪ ಆಚೆಯಿಂದ ನನ್ನನ್ನು ನೋಡಿ ಅಂಗೈ ಎತ್ತಿದ. ನಾನು ಮುಖ ಊದಿಸಿಕೊಂಡು ಕಾಲು ಹಿಂದೆ ತೆಗೆದೆ. ಅಷ್ಟರಲ್ಲೇ ಸಂಡೂರಿನ ಕಡೆಯಿಂದ ಬಂದ ಲಾರಿಯ ಗಾಲಿ ಗುಂಡಿಗೆ ಇಳಿಯಿತು. ಲಾರಿ ಉರುಳುವುದು ನಾವು ಅಂದುಕೊಂಡಷ್ಟು ಜೋರಾಗಿ ಅಲ್ಲ. ನಿದ್ದೆ ಬಂದ ಮನುಷ್ಯ ಪಕ್ಕದವರ ಭುಜಕ್ಕೆ ಒರಗಿದಂತೆ ಅದು ಮೆಲ್ಲಗೆ ಆಚೆಗೆ ಒರಗಿತು. ಟಾರ್ಪಾಲು ಫಟ್ಟೆಂದು ಹರಿದ ಸದ್ದು. ಆಮೇಲೆ ಅದಿರು. ರಸ್ತೆಯ ನಡುವಿನಿಂದ ಚಹಾದಂಗಡಿಯ ಬಾಗಿಲವರೆಗೆ, ನಾನು ದಾಟಿ ಹೋಗಬೇಕಾಗಿದ್ದ ಜಾಗದ ತುಂಬ, ಕೆಂಪು ಗುಡ್ಡ. ಹುಲುಗಪ್ಪ ಇರಲಿಲ್ಲ. ಸೈಕಲ್ಲಿನ ಗಂಟೆ ಎಲ್ಲೋ ಒಳಗೆ ಒಂದು ಸಲ ಕಿಣಿ ಎಂದಿತು.

ಆ ಕಿಣಿಯನ್ನು ನಾನು ಈಗಲೂ ಕೇಳುತ್ತೇನೆ. ತರಕಾರಿ ಹೆಚ್ಚುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ, ಸುಮ್ಮನೆ. ಗಾಳಿಗೆ ಟಾರ್ಪಾಲು ಬಡಿದರೆ ನಡೆಯುತ್ತಿದ್ದವಳು ತಿರುಗಿ ನೋಡುತ್ತೇನೆ. ಆದರೆ ನಿಜವಾಗಿ ನನ್ನನ್ನು ಕಾಡುವುದು ಅದರ ನಂತರದ ಸಂಗತಿ. ಚಹಾದಂಗಡಿಯವರು, ಕಿಟಕಿಯಿಂದ ಹೊರಬಿದ್ದ ಡ್ರೈವರು, ನಾನು, ಎಲ್ಲ ಸೇರಿ ಕೈಯಲ್ಲೇ ಅದಿರು ತೋಡಿದೆವು. ಮೊದಲು ಟೋಪಿ ಸಿಕ್ಕಿತು, ಆಮೇಲೆ ತಲೆ. ಸೊಂಟದವರೆಗೆ ತೋಡಿದಾಗ ಹುಲುಗಪ್ಪ ಅಂಗಡಿಯ ಬೆಂಚಿಗೆ ಆತುಕೊಂಡಿರುವುದು ಕಂಡಿತು. ಕಣ್ಣು ಬಿಟ್ಟ. ಊರಿನ ಅಷ್ಟು ಜನರ ಎದುರಿಗೆ, ಪದವೀಧರೆಯಾದ ನಾನು, ಅವನ ಮುಖದ ಹತ್ತಿರ ಬಗ್ಗಿ ಕೇಳಿದ್ದು ಇದು: "ಹುಲುಗಪ್ಪಣ್ಣ, ನಂದೇನರ ಬಂದಿತ್ತೇನು?"

ಹುಲುಗಪ್ಪ ಬಾಯಲ್ಲಿದ್ದ ಕೆಂಪು ಉಗುಳಿ, "ಮೊದಲ ನನ್ನ ಕಾಲು ಹುಡುಕಿ ಕೊಡವ್ವಾ. ಕಾಗದ ಆಮ್ಯಾಗ ಹುಡುಕೋಣಂತ" ಎಂದ.

ಕಾಲು ಸಿಕ್ಕಿತು, ಎರಡು ಕಡೆ ಮುರಿದಿತ್ತು. ಆದರೆ ಊರಿಗೆಲ್ಲ ಸುದ್ದಿಯಾದದ್ದು ಅವನ ಅಂಗೈ. ಲಾರಿ ಬರುವುದನ್ನು ನೋಡಿ, ತನ್ನ ಜೀವದ ಹಂಗು ತೊರೆದು, ಅಂಗೈ ಎತ್ತಿ ನನ್ನನ್ನು ತಡೆದ ಎಂದು. ನನಗೂ ಹಾಗೆಯೇ ಅನಿಸಿತ್ತು. ಅವ್ವ ಆಸ್ಪತ್ರೆಗೆ ಹೋಗಿ ಅವನ ಕೈಗೇ ಕುಂಕುಮ ಹಚ್ಚಿ ಬಂದಳು. ಬಾಳೆಹಣ್ಣು ಎಷ್ಟು ಬಂದವೆಂದರೆ ವಾರ್ಡಿನ ರೋಗಿಗಳೆಲ್ಲ ಸುಧಾರಿಸಿಕೊಂಡರು. ನಾನೂ ದಿನವೂ ಹನ್ನೊಂದಕ್ಕೆ ಹೋಗಿ ಕೂರುತ್ತಿದ್ದೆ. ಮುಕ್ಕಾಲು ಪಾಲು ಕೃತಜ್ಞತೆ. ಇನ್ನು ಕಾಲು ಪಾಲು ಏನೆಂದು ಹುಲುಗಪ್ಪನಿಗೆ ಗೊತ್ತಿತ್ತು. ನಾನು ಬಾಗಿಲಲ್ಲಿ ಕಂಡರೆ ಸಾಕು, "ಚೀಲ ತೋಡಿ ತೆಗದಾರಂತ. ಬದಲಿಯಾಂವ ಹಂಚ್ತಾನ. ಚಿಂತಿ ಮಾಡಬ್ಯಾಡ" ಎನ್ನುತ್ತಿದ್ದ. ಮನೆಗೆ ಬಂದು ಅವ್ವನನ್ನು ಕೇಳಿದರೆ ಒಂದೇ ಉತ್ತರ: "ಕಾಲೇಜಿಂದು ಏನೂ ಬಂದಿಲ್ಲವ. ಲಗ್ನಪತ್ರಿಕಿ ಬರಾಕತ್ಯಾವ."

ಶನಿವಾರ ಮಾವ ಫೋನು ಮಾಡಿ, ಸೋಮವಾರ ಏಳು ಗಂಟೆಯ ಬಸ್ಸು ಹಿಡಿ ಎಂದರು. ನಾನು ಟಿಫಿನ್ ಡಬ್ಬಿ ಆರಿಸಿಟ್ಟೆ. ಮನಸ್ಸಿನಲ್ಲಿ ಒಂದನೆಯವನನ್ನು ವಾಪಸು ಕರೆದೆ, ಎರಡನೆಯವಳ ಸಂಬಂಧ ಮುರಿದೆ.

ಭಾನುವಾರ ಬೆಳಿಗ್ಗೆ ಅಪ್ಪ ಎಂದಿನಂತೆ ಕೊಕ್ಕೆ ಇಳಿಸಿ, ಕನ್ನಡಕ ಏರಿಸಿ ಕೂತರು. ಕಂಪ್ಲಿಯದೊಂದು, ಕಮಲಾಪುರದ್ದೆರಡು. ನಾಲ್ಕನೆಯದು ಉದ್ದನೆಯ ಲಕೋಟೆ. ಒಡೆದು, ದೂರ ಹಿಡಿದು ನೋಡಿ, "ಇದ್ಯಾವುದಲೇ ಇಂಗ್ಲೀಷಿನ ಲಗ್ನ? ಮೈಸೂರಾಗಂತ. ನಾಳೆ ಸೋಮವಾರ ಹನ್ನೊಂದಕ್ಕ ಮುಹೂರ್ತ. ಮೈಸೂರಿನವ್ರು ನಮ್ಮಲ್ಲಿ ಕೊಳಗ ಒಯ್ದಿದ್ರೇನು?" ಎಂದರು. ಬಿಸಿಲಿನ ಲಗ್ನಗಳು ನನ್ನ ಪಾಲಿಗಲ್ಲವೇ, ನನ್ನ ಕಡೆಗೆ ಚಾಚಿದರು.

ಸೀಟು ಇದೆ, ಮೂಲ ಪ್ರಮಾಣಪತ್ರಗಳೊಂದಿಗೆ ಸೋಮವಾರ ಹನ್ನೊಂದಕ್ಕೆ ಹಾಜರಾಗಬೇಕು, ತಪ್ಪಿದರೆ ಮುಂದಿನವರಿಗೆ ಹೋಗುತ್ತದೆ ಎಂದಿತ್ತು ಪತ್ರ. ನಾನು ಅವ್ವನನ್ನು ನೋಡಿದೆ. ಅವ್ವ ಲಕೋಟೆಯನ್ನು ನೋಡಿದಳು. ಅದಿರಿನಲ್ಲಿ ಒಂದು ದಿನ ಹೂತಿದ್ದ ಲಕೋಟೆಯ ನಾಲ್ಕೂ ಮೂಲೆ ಅಚ್ಚ ಕೆಂಪು.

"ಮುಟ್ಟಿದ್ರ ಕೈಗೆ ಹತ್ತತಿತ್ತವ" ಎಂದಳು ಅವ್ವ. "ಇಂಗ್ಲೀಷು ನನಗೆಲ್ಲಿ ಓದಾಕ ಬರತೈತಿ, ಕುಂಕುಮ ಅಲ್ದ ಮತ್ತೇನು ಅಂತ ತಿಳೀಬೇಕು? ದೇವ್ರ ಮುಂದ ಇಟ್ಟೀನಿ, ಆ ಬದಲಿ ಹುಡುಗಗ ಹಿಡಿ ತುಂಬ ಸಕ್ಕರಿ ಹಾಕೀನಿ. ನಾ ಏನು ಕಮ್ಮಿ ಮಾಡೀನಿ?" ಏನೂ ಕಮ್ಮಿ ಮಾಡಿರಲಿಲ್ಲ. ನನ್ನ ಭವಿಷ್ಯ ಬುಧವಾರದಿಂದ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು. ಅದರ ಕೆಳಗೆ ಕೂತು ನಾನು ನಾಲ್ಕು ದಿನ ಊಟ ಮಾಡಿದ್ದೆ.

ಸಂಜೆಯ ಬಸ್ಸಿಗೆ ಮೊದಲು ಆಸ್ಪತ್ರೆಗೆ ಓಡಿದೆ. ಹುಲುಗಪ್ಪ ಪತ್ರ ಓದಲಿಲ್ಲ. ಲಕೋಟೆ ತಿರುಗಿಸಿ, ತನ್ನ ಆಫೀಸಿನ ಮೊಹರು ನೋಡಿದ. ನೋಡುತ್ತಲೇ ಇದ್ದ.

"ಮಂಗಳವಾರದ ಸಿಕ್ಕಾ ಐತಿ" ಎಂದ ಕೊನೆಗೆ. "ಅಂದು ನನ್ನ ಚೀಲದಾಗ ಇತ್ತಿದು. ಯಾವುದೋ ಪುಸ್ತಕದ ಮಡಿಕ್ಯಾಗ ಸೇರಿರಬೇಕು, ನಾ ನೋಡಲಿಲ್ಲವ."

"ಹಂಗಾದ್ರ ಅಂಗೈ ತೋರ್ಸಿದ್ದು?"

"ಕಾಗದ ಇಲ್ಲ ಅಂತ."

"ಲಾರಿ ನೋಡಿ ಅಲ್ಲೇನು?"

"ಲಾರಿ ಯಾಂವ ನೋಡ್ತಾನವ, ದಿನಾ ನೂರಾರು ಹೋಗ್ತಾವ. ನಾ ನಿನ್ನ ಮಾರಿ ನೋಡಾಕತ್ತಿದ್ದೆ." ಅವನು ಅತ್ತಿತ್ತ ನೋಡಿ ಧ್ವನಿ ಇಳಿಸಿದ. "ಸರಿಯಾಗಿ ನೋಡಿದ್ರ ಕೈ ಬೀಸಿ ಕರೀತಿದ್ದೆ. ನೀ ಓಡಿ ಬರ್ತಿದ್ದಿ. ಲಾರಿ ಒರಗಿದಾಗ ರಸ್ತೆ ನಡುವ ಇರ್ತಿದ್ದಿ."

 ಅವನು ಒಂದು ಬಾಳೆಹಣ್ಣು ನನ್ನ ಕೈಗಿಟ್ಟು, "ಪೋಸ್ಟ್ ಮಾಸ್ತರಿಗೆ ಹೇಳಬ್ಯಾಡ. ಕೆಲಸದಾಗ ತಪ್ಪಾದದ್ದು ಇದೊಂದ" ಎಂದ. ನಾನು ಹೇಳಲಿಲ್ಲ. ಈಗ ಅವನು ನಿವೃತ್ತನಾಗಿದ್ದಾನೆ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ರಸ್ತೆಯಂಚಿನಲ್ಲಿ ನನ್ನ ಕಾಲು ಇವತ್ತಿಗೂ ತಡೆಯುವುದು ಲಾರಿಗೆ ಹೆದರಿ ಅಲ್ಲ. ಅವನು ಆ ದಿನ ತನ್ನ ಕೆಲಸ ಸರಿಯಾಗಿ ಮಾಡಿದ್ದರೆ ಎಂದು ಲೆಕ್ಕ ಹಾಕುತ್ತಾ ನಿಂತುಬಿಡುತ್ತದೆ.

ಸೋಮವಾರ ಹತ್ತೂವರೆಗೆ ಮೈಸೂರಿನಲ್ಲಿ ಪತ್ರ ಕೊಟ್ಟೆ. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, ಕೊಕ್ಕೆ ಚುಚ್ಚಿದ ತೂತಿನಿಂದ ಒಂದು ಕಣ್ಣಲ್ಲಿ ನನ್ನನ್ನು ನೋಡಿ, ಬೆರಳಿಗೆ ಹತ್ತಿದ ಕೆಂಪು ಒರೆಸಿಕೊಂಡು, "ನಾಲ್ಕನೇ ನಂಬರಾ?" ಎಂದರು. ವೇಬ್ರಿಜ್ಜಿಗೆ ಬೇರೆಯವರು ಕೂತರು. ಮಾವ ಆರು ತಿಂಗಳು ಮಾತು ಬಿಟ್ಟರು, ನನಗೆ ಓದಲು ಅನುಕೂಲವಾಯಿತು.

ಈಗಲೂ ಊರಿಗೆ ಹೋದಾಗ ಒಮ್ಮೊಮ್ಮೆ ಹುಲುಗಪ್ಪ ಹೊಸಪೇಟೆಯ ಬಸ್ ನಿಲ್ದಾಣದ ಎದುರು ಕೋಲು ಊರಿಕೊಂಡು ನಿಂತಿರುತ್ತಾನೆ. ಕಾಲು ಹೇಗಿದೆ ಎಂದು ಈ ಸಲವಾದರೂ ಮೊದಲು ಕೇಳಬೇಕೆಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಇಳಿದಿರುತ್ತೇನೆ. ನಾನು ಬಾಯಿ ತೆರೆಯುವುದರೊಳಗೆ ಅವನು ರಸ್ತೆಯಾಚೆಯಿಂದ ಅಂಗೈ ಎತ್ತಿ, ನಿಲ್ದಾಣಕ್ಕೆಲ್ಲ ಕೇಳುವಂತೆ, "ಇವತ್ತೂ ಬಂದಿಲ್ಲವ್ವೋ!" ಎಂದು ಕೂಗುತ್ತಾನೆ. ನಾನು ಈಗ ಯಾರ ಪತ್ರವನ್ನೂ ಕಾಯುತ್ತಿಲ್ಲ. ಆದರೂ ನೋಡಿ, ಒಂದು ಕ್ಷಣ ನನ್ನ ಮುಖ ಸಣ್ಣದಾಗುತ್ತದೆ. ಕಾಲಿನ ವಿಚಾರ ನೆನಪಾಗುವುದು ಆಮೇಲೆಯೇ.