ಹಡಗಿಗೆ ಎರಡು ದಿನ ಮೊದಲು

ವಿಜೆವು ಊರಿನ ಆ ಐದಂತಸ್ತಿನ ಕಟ್ಟಡದಲ್ಲಿ, ಲಿಫ್ಟಿನ ಪಕ್ಕ ಅಂಟಿಸಿದ್ದ ಒಂದು ಚೀಟಿಯೇ ಎಲ್ಲದಕ್ಕೂ ಕಾರಣ. ಗುರುವಾರ ಸಂಜೆ ನಿವಾಸಿಗಳ ಸಭೆ. ವಿಷಯ, ಹೊಸ ಕಾರ್ಯದರ್ಶಿಯ ಆಯ್ಕೆ. ಎರಡು ವರ್ಷ ಆ ಕೆಲಸ ಹೊತ್ತ ತೆಯೊದೋರು, ಮೂರು ಹೊತ್ತೂ ದೂರು ಕೇಳಿ ಕೇಳಿ ಹಿಂಡಿ ಒಣಹಾಕಿದ ಅಂಗಿಯ ಹಾಗಾಗಿದ್ದ.

ನಿವೃತ್ತ ಅಂಚೆ ಗುಮಾಸ್ತ ಅಡೆಲಿನು ಚೀಟಿ ಓದಿದವನೇ ಮನೆಯೊಳಕ್ಕೆ ಬಂದು ಹೆಂಡತಿಗೆ ಹೇಳಿದ: "ಬಟ್ಟೆ ಜೋಡಿಸ್ಕೋ. ಬುಧವಾರವೇ ಹೊರಡೋಣ."

"ನಮ್ಮ ವಿಹಾರದ ಹಡಗು ಹೊರಡೋದು ಶನಿವಾರ ಅಲ್ವಾ?" ಎಂದಳು ಎರ್ಮೆಲಿಂದಾ.

"ಮದುವೆಯಾದಾಗಿಂದ ದೋರು ನದಿ, ದೋರು ನದಿ ಅಂತಿದ್ದೀಯ. ಮೂರು ದಿನ ಜಾಸ್ತೀನೇ ನೋಡು. ಹಡಗು ಹೊರಡೋ ಪೋರ್ತು ಏನು ಚಿಕ್ಕ ಊರಾ?"

ಸೊಂಟ ಹಿಡಿದುಕೊಂಡಿದೆ, ಹಾಸಿಗೆಯಿಂದ ಏಳಲಾಗುತ್ತಿಲ್ಲ ಎಂದು ತೆಯೊದೋರುವಿಗೆ ಫೋನ್ ಮಾಡಿ, ಬುಧವಾರ ಬೆಳಗ್ಗೆ ಗಂಡಹೆಂಡತಿ ಹಿಂಬಾಗಿಲಿನಿಂದ ಹೊರಬಿದ್ದು ಬಸ್ಸು ಹಿಡಿದರು.

ಗುರುವಾರ ಬೆಳಗ್ಗೆ ಅಡೆಲಿನು ಪೋರ್ತುವಿನ ಎದುರು ದಡದ ಗಾಯಾ ಊರಿನ ನದಿದಂಡೆಯಲ್ಲಿ ರಾಜನಂತೆ ಕೂತು ಒಣಮೀನಿನ ಬೋಂಡ ತಿನ್ನುತ್ತಿದ್ದ. ಎರಡನೇ ತಟ್ಟೆ ಬಂದ ಹೊತ್ತಿಗೆ ಬೆನ್ನ ಹಿಂದೆ ಒಂದು ದನಿ.

"ಅಡೆಲಿನು ಅವರಲ್ವಾ?"

ಅವರದೇ ಕಟ್ಟಡದ ಜುಲ್ಮಿರಾ. ಯಾರ ಮನೆಯಲ್ಲಿ ಯಾವ ಸಾರು ಕುದಿಯುತ್ತಿದೆಯೆಂದು ಮೆಟ್ಟಿಲ ಬುಡದಲ್ಲೇ ನಿಂತು ಹೇಳಬಲ್ಲ ಹೆಂಗಸು.

"ನಿಮಗೆ ಏಳೋಕೇ ಆಗಲ್ಲ ಅಂತ ತೆಯೊದೋರು ಹೇಳಿದ್ರಲ್ಲಾ?"

ಕಳೆದುಹೋದ ಕಾಗದ ನಾಳೆ ಬರುತ್ತದೆಂದು ಮೂವತ್ತೈದು ವರ್ಷ ಜನರನ್ನು ನಂಬಿಸಿದವನು ಅಡೆಲಿನು. ತಡವರಿಸಲಿಲ್ಲ. ಬೋಂಡ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟ. "ಆಗಲ್ಲ. ಅದಕ್ಕೇ ಬಂದಿದ್ದು. ಇಲ್ಲೊಬ್ಬ ದೊಡ್ಡ ಮೂಳೆ ಡಾಕ್ಟರಿದ್ದಾರೆ."

ಎರ್ಮೆಲಿಂದಾ ನದಿಯ ಕಡೆ ಮುಖ ತಿರುಗಿಸಿದಳು. ತಡೆದ ನಗುವಿಗೆ ಅವಳ ಭುಜ ಕುಲುಕುತ್ತಿತ್ತು.

"ಡಾಕ್ಟರು ಯಾಕ್ರೀ? ನಾನು ಇಲ್ಲೇ ಪಕ್ಕದ ಮೀನುಗಾರರ ಕೇರಿ ಅಫುರಾದಾದಲ್ಲಿ ನನ್ನ ತಂಗಿ ಮನೇಲಿದ್ದೀನಿ. ಅವಳ ಗಂಡ ಬ್ರಾವುಲಿಯು ಮೂಳೆ ಕೂರಿಸೋದ್ರಲ್ಲಿ ಎತ್ತಿದ ಕೈ. ಏಳಿ."

"ಡಾಕ್ಟರು ಟೈಮ್ ಕೊಟ್ಟಿದ್ದಾರೆ."

"ಎಷ್ಟೊತ್ತಿಗೆ?"

"ನಾಳೆ."

"ಹಾಗಾದ್ರೆ ಇವತ್ತು ಬಿಡುವಾಗಿದ್ದೀರಿ."

ದಂಡೆಯುದ್ದಕ್ಕೂ ಮೆರವಣಿಗೆ ಹೊರಟಿತು. ಜುಲ್ಮಿರಾ ಮುಂದೆ ನೋಡಿದಾಗ ಅಡೆಲಿನು ನೆಟ್ಟಗಾಗುವನು, ಹಿಂತಿರುಗಿದಾಗ ಕುಡುಗೋಲಿನಂತೆ ಬಾಗುವನು. ಶನಿವಾರ ಹೊರಡಬೇಕಾದ ಬಿಳಿ ಹಡಗು ಅಲ್ಲೇ ನಿಂತಿತ್ತು. ನಿನ್ನೆ ಇವನ ಟಿಕೆಟ್ ನೋಡಿದ್ದ ಹುಡುಗಿ ಅದರ ಮೇಲಿನಿಂದ ಕೈ ಬೀಸಿದಳು. "ಸೆನ್ಯೋರ್ ಅಡೆಲಿನು, ಶನಿವಾರ ಸಿಗೋಣ."

"ಯಾರದು?" ಎಂದಳು ಜುಲ್ಮಿರಾ.

"ಡಾಕ್ಟರ ನರ್ಸು."

"ಹಡಗಿನ ಮೇಲೆ?"

"ಗಾಳಿ ತಗೊಳ್ಳೋಕೆ ಬಂದಿರ್ಬೇಕು."

ಜುಲ್ಮಿರಾ ಹಡಗನ್ನೂ ಅವನನ್ನೂ ಒಂದು ಸಲ ನೋಡಿ ಮುಂದೆ ನಡೆದಳು. ಗೆದ್ದೆ ಎಂದುಕೊಂಡ ಅಡೆಲಿನು.

ಬ್ರಾವುಲಿಯು ಮೀನುಗಾರ. ದೋಣಿಯ ಹುಟ್ಟಿನಷ್ಟು ಅಗಲದ ಕೈ. ಆಗತಾನೆ ಬೂತಾಯಿ ಮೀನು ಹೆಚ್ಚಿ ತೊಳೆದಿದ್ದ ಮೇಜಿನ ಮೇಲೆ ಅಡೆಲಿನುವನ್ನು ಬೋರಲು ಮಲಗಿಸಿದ.

"ಎಲ್ಲಿ ನೋವು?"

ಅಡೆಲಿನು ಬಾಯಿಗೆ ಬಂದ ಒಂದು ಜಾಗ ಹೇಳಿದ. ಬ್ರಾವುಲಿಯು ಅಲ್ಲಿಗೇ ಮೊಣಕಾಲು ಊರಿ ಎರಡೂ ಹೆಗಲನ್ನು ಹಿಂದಕ್ಕೆ ಜಗ್ಗಿದ. ಒಣಪುಳ್ಳೆ ಮುರಿದಂಥ ಸದ್ದಾಯಿತು. ಅರವತ್ತೆಂಟು ವರ್ಷ ಒಂದು ದಿನವೂ ನೋಯದ ಸೊಂಟ ಅದು.

"ಈಗ ಹೇಗಿದೆ?"

ಅಡೆಲಿನುವಿಗೆ ಏಳಲು ಆಗಲಿಲ್ಲ. ಈ ಸಲ ನಿಜವಾಗಿಯೂ.

ಇಬ್ಬರು ಮೀನುಗಾರರು ಅವನನ್ನು ಬಾಗಿಲಿನ ಹಲಗೆಯಂತೆ ಹೊತ್ತು ಟ್ಯಾಕ್ಸಿಗೆ ತುಂಬಿದರು. ಹೋಟೆಲಿನ ಹಾಸಿಗೆಯಲ್ಲಿ ಚಾವಣಿ ನೋಡುತ್ತ ಮಲಗಿದರೂ ಅವನ ಧೈರ್ಯ ಕುಂದಿರಲಿಲ್ಲ.

"ಹಡಗಲ್ಲೂ ಹಾಸಿಗೆ ಇರುತ್ತೆ. ಕಿಟಕಿ ಪಕ್ಕ ಮಲಗಿಸು, ನದಿ ಕಾಣಿಸುತ್ತೆ. ಸಭೆ ತಪ್ಪಿತಲ್ಲ, ಅದು ಮುಖ್ಯ."

ಎರ್ಮೆಲಿಂದಾ ಬಿಸಿನೀರಿನ ಚೀಲ ಇಡುತ್ತ, "ನಿಮ್ಮನ್ನ ಕಟ್ಕೊಂಡು ನಾನೂ ಚಾವಣಿ ನೋಡ್ಬೇಕಾ? ನಾನು ಮೇಲೆ ಡೆಕ್ಕಲ್ಲಿರ್ತೀನಿ" ಎಂದಳು.

ಸಂಜೆ ಏಳು ಗಂಟೆಗೆ ತೆಯೊದೋರು ಫೋನ್ ಮಾಡಿದ. ಎರಡು ವರ್ಷದಲ್ಲಿ ಮೊದಲ ಸಲ ಅವನ ದನಿಯಲ್ಲಿ ಜೀವವಿತ್ತು. "ಅಭಿನಂದನೆ, ಕಾರ್ಯದರ್ಶಿಗಳೇ."

"ನಾನು ಸಭೆಗೆ ಬರಲೇ ಇಲ್ವಲ್ಲ."

"ಬಂದವರು ಯಾರೂ ಒಪ್ಪಲಿಲ್ಲ. ಬರದೇ ಇದ್ದವರು ಇಬ್ಬರೇ, ನೀವು ಮತ್ತೆ ಜುಲ್ಮಿರಾ."

"ಅವರನ್ನೇ ಮಾಡಬಹುದಿತ್ತಲ್ಲ?"

"ಮಾಡೋದ್ರಲ್ಲೇ ಇದ್ವಿ. ಅಷ್ಟರಲ್ಲಿ ಅವರದೇ ಫೋನ್ ಬಂತು. 'ನಾನೇ ಕಣ್ಣಾರೆ ನೋಡ್ದೆ, ಅಡೆಲಿನು ಇನ್ನು ಮೂರು ತಿಂಗಳು ಮನೆ ಬಿಟ್ಟು ಕದಲಲ್ಲ' ಅಂದ್ರು. ಯಾವಾಗ ಬೆಲ್ ಮಾಡಿದ್ರೂ ಮನೇಲಿರೋ ಕಾರ್ಯದರ್ಶಿ ನಮಗೆ ಇನ್ನೆಲ್ಲಿ ಸಿಗ್ತಾರೆ? ಎಲ್ಲರೂ ಕೈ ಎತ್ತಿಬಿಟ್ರು."

ಅಡೆಲಿನು ಫೋನ್ ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಯಾರೋ ಬಾಗಿಲು ತಟ್ಟಿದರು. ಎರ್ಮೆಲಿಂದಾ ತೆರೆದಳು. ಸೊಪ್ಪಿನ ಸಾರಿನ ಪಾತ್ರೆ ಹಿಡಿದು ಜುಲ್ಮಿರಾ ಒಳಗೆ ಬಂದಳು.

"ಬಿಸಿಬಿಸಿ ಕುಡೀರಿ, ಶನಿವಾರ ಹಡಗು ಹತ್ತೋಕೆ ಶಕ್ತಿ ಬರುತ್ತೆ," ಎಂದು ಪಾತ್ರೆ ಇಟ್ಟು, ಕುರ್ಚಿ ಎಳೆದುಕೊಂಡು ಕೂತಳು. "ಹೇಗೂ ಸಿಕ್ಕಿದ್ದೀರಿ, ಒಂದು ದೂರು ಬರ್ಕೊಳ್ಳಿ. ನಮ್ಮ ಮೇಲಿನ ಮನೆಯವರು ಬೆಳಗಾಗೆದ್ದು ಕೆಮ್ಮೋ ಸದ್ದಿಗೆ ನನಗೆ ನಿದ್ದೇನೇ ಇಲ್ಲ. ಕಾರ್ಯದರ್ಶಿಗಳು ಅವರಿಗೆ ಖಡಕ್ಕಾಗಿ ಒಂದು ಕಾಗದ ಬರೀಬೇಕು."

ಅವಳ ಮೇಲಿನ ಮನೆ ಅಡೆಲಿನುವಿನದು.