ಅಜ್ಜಿಯ ಬೆರಳಿಗೆ ವಾಷಿಂಗ್ಟನ್ ಮುದ್ರೆ

ಜನ ಏನಾದರೂ ಮಾಡಿದ್ದಾರೆ ಎಂದು ತೋರಿಸಲು ಪೊಲೀಸರಿದ್ದಾರೆ. ಏನೂ ಮಾಡಿಲ್ಲ ಎಂದು ತೋರಿಸಲು ನನ್ನಂಥವಳು ಬೇಕು. ಬೆರಳ ಗುರುತು ತೆಗೆಯುವ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಅಮೆರಿಕದ ಬೇ ಏರಿಯಾದ ಮನೆ ಮನೆ ಸುತ್ತುತ್ತೇನೆ. ಗುರುತು ಸರಕಾರಕ್ಕೆ ಹೋಗುತ್ತದೆ, ಇವರ ಮೇಲೆ ಯಾವ ಕೇಸೂ ಇಲ್ಲವೆಂದು ಕಾಗದ ಬರುತ್ತದೆ, ಬೇರೆ ದೇಶದವರು ಅದನ್ನು ನಂಬಲಿ ಅಂತ ವಾಷಿಂಗ್ಟನ್ನಿನ ಮುದ್ರೆ ಹಾಕಿಸಿ ಕೊಡುತ್ತೇನೆ. ಆ ಕಾಗದ ಕೈಗೆ ಬಂದಾಗ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಇಷ್ಟು ದೊಡ್ಡ ದೇಶ ಒಬ್ಬರಿಗಾಗಿ ಹುಡುಕಿ, 'ಏನೂ ಸಿಗಲಿಲ್ಲ' ಎಂದು ಒಪ್ಪಿಕೊಳ್ಳುವುದೇನು ಸಣ್ಣ ಮಾತೇ? ಆದರೆ ನಮ್ಮವರ ಮನೆಗೆ ಹೋದಾಗ ಏನಾದರೊಂದು ಆಗದೆ ಇರುವುದಿಲ್ಲ. ಸರಟೋಗಾದ ಒಂದು ಮನೆಯಲ್ಲಂತೂ ಹೋದಾಗಲೆಲ್ಲ ಆಯಿತು.

ಗೆರೆ ಇಲ್ಲದ ಬೆರಳು

ಆ ಮನೆಯ ಗಂಡ ಹೆಂಡತಿ ಬೆಳಗಾವಿಯಿಂದ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವವರಿದ್ದರು. ಮನೆಯ ದೊಡ್ಡವರೆಲ್ಲರ ಕಾಗದ ಗಡುವಿನೊಳಗೆ ಅಲ್ಲಿಗೆ ತಲುಪಬೇಕು, ತಪ್ಪಿದರೆ ಮಗು ಬೇರೆ ಮನೆಗೆ. ಅವಳ ಫೋಟೊ ಆಗಲೇ ಫ್ರಿಜ್ಜಿನ ಮೇಲಿತ್ತು.

ಗಂಡನ ತಾಯಿ ಧಾರವಾಡದವರು. ಅವರ ಬೆರಳನ್ನು ಯಂತ್ರ ಒಪ್ಪಲೇ ಇಲ್ಲ.

"ಅಜ್ಜಿ, ಗೆರೆಗಳೆಲ್ಲ ಸವೆದುಹೋಗಿವೆ."

"ಜ್ವಾಳದ ರೊಟ್ಟಿ ಬಡದು ಬಡದು ಸವದಾವ ತಂಗಿ. ಒಂದೂ ಉಳದಿಲ್ಲೇನು?"

ಲೋಷನ್ ಹಚ್ಚಿದೆ, ಒರೆಸಿದೆ, ಒತ್ತಿದೆ. ಕೊನೆಗೂ ಯಂತ್ರ ಸೋತು ಒಪ್ಪಿಕೊಂಡಿತು. ಒಂದು ಸಂಸಾರಕ್ಕೆ ಉಣಿಸಿ ಗುರುತನ್ನೇ ಸವೆಸಿಕೊಂಡ ಆ ಕೈಯನ್ನು ನಾನು ಬೆರಗಾಗಿ ನೋಡುತ್ತಿದ್ದೆ. ಅಜ್ಜಿಯ ಯೋಚನೆಯೇ ಬೇರೆ.

"ಅಂದ್ರ ಇಷ್ಟ ದಿನಾ ನಾ ಏನ್ ಮಾಡಿದ್ರೂ ಸಿಕ್ಕೊಳ್ತಿದ್ದಿಲ್ಲ ಅಂದಂಗಾತು. ಮದಲ ಯಾರರ ಹೇಳಬಾರದೇನು!"

ಅರಿಸಿನದ ಮೂಲೆ

ಕಾಗದಗಳು ಅವರ ಮನೆಗೆ ಬಂದವು, ಮೂವರದ್ದೂ ಶುದ್ಧ. ಮುದ್ರೆಗೆ ಕಳಿಸಲೆಂದು ಅವನ್ನು ತರಲು ಹೋದರೆ, ಹೆಂಡತಿ ಕಣ್ಣೀರು ಹಾಕುತ್ತಾ ಬಾಗಿಲು ತೆಗೆದಳು. ಶುಭಕಾರ್ಯದ ಕಾಗದ ಅಂತ ಅಜ್ಜಿ ಲಗ್ನಪತ್ರಿಕೆಗೆ ಹಚ್ಚುವ ಹಾಗೆ ತಮ್ಮ ಕಾಗದದ ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ಮಗನ ಕಾರಿನಲ್ಲಿ ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿ ದೇವರ ಪಾದಕ್ಕೆ ಮುಟ್ಟಿಸಿಕೊಂಡು ಬಂದಿದ್ದರು. ಅಧಿಕಾರಿಯ ಸಹಿ ಅರಿಸಿನದಲ್ಲಿ ಮಿಂದು ಕೂತಿತ್ತು.

"ತಿದ್ದಿದ ಕಾಗದ ಅಂತ ಇದನ್ನ ವಾಷಿಂಗ್ಟನ್ನವರು ವಾಪಸ್ ಕಳಿಸ್ತಾರೆ" ಎಂದೆ.

"ದೇವರು ಒಪ್ಪಿದ ಮ್ಯಾಲೆ ಅವರದೇನದ?"

"ಅತ್ತೆ, ಡೆಡ್‌ಲೈನು ಹತ್ರ ಬಂತು!" ಎಂದಳು ಸೊಸೆ.

ಅಜ್ಜಿಯ ಮುಖ ಸಣ್ಣದಾಯಿತು. ಕಚೇರಿಯವರನ್ನು ಬೇಡಿ ಕಾಡಿ ಹೊಸ ಪ್ರತಿ ತರಿಸಿದೆ. ಹಳೆಯದನ್ನು ಹರಿಯಲು ಹೋದರೆ ಅಜ್ಜಿ ಕೈ ಹಿಡಿದರು.

"ಹರೀಬ್ಯಾಡ ತಂಗಿ. ದೇವರ ಮನ್ಯಾಗ ಇಡತೀನಿ. ನನ್ನ ಮ್ಯಾಲೆ ಕೇಸ್ ಇಲ್ಲಂತ ದೇವರೂ ಓದ್ಲಿ."

ಪಕ್ಕದ ಮನೆ ಗುಲಾಬಿ

ಉಳಿದದ್ದು ಒಂದೇ. ಈ ಮನೆಯವರು ಒಳ್ಳೆಯವರು ಎಂದು ಪಕ್ಕದ ಮನೆಯ ಅಮೆರಿಕನ್ ಹೆಂಗಸು ನನ್ನೆದುರು ಸಹಿ ಮಾಡಬೇಕು. ನೋಟರಿಯೂ ನಾನೇ.

ಅಜ್ಜಿ ನನ್ನನ್ನು ಗ್ಯಾರೇಜಿಗೆ ಎಳೆದರು. "ಆಕೀ ಕಡೆ ಹೋಗಬ್ಯಾಡ. ದಿನಾ ನಸಕಿನ್ಯಾಗ ಪೂಜಿಗೆ ಆಕೀ ಗುಲಾಬಿ ಕದ್ದೀನಿ. ಆಕೀ ಬಾಗಲದಾಗ ಕ್ಯಾಮೆರಾ ಐತಂತ. ಸರಕಾರಕ್ಕ ಗೊತ್ತಾಗಿಲ್ಲ, ಆಕೀಗ ಗೊತ್ತೈತಿ. ನನ್ನಿಂದ ಕೂಸು ತಪ್ಪತದ."

ಹೋಗದೆ ವಿಧಿಯಿರಲಿಲ್ಲ. ಆಕೆ ಸಹಿ ಮಾಡುತ್ತಾ ನಕ್ಕಳು. "ಆ ಅಜ್ಜಿಯನ್ನು ಬೆಳಿಗ್ಗೆ ಫೋನಿನಲ್ಲಿ ನೋಡಿಯೇ ನಾನು ಏಳೋದು. ಕೀಳುವ ಮೊದಲು ಗಿಡಕ್ಕೆ ಕೈಮುಗೀತಾರೆ. ನನ್ನ ಗಿಡಕ್ಕೆ ಇನ್ಯಾರು ಕೈಮುಗೀತಾರೆ ಹೇಳು? ಅವರಿಗೆ ಸಾಲಲಿ ಅಂತ ಈ ವರ್ಷ ಇನ್ನೊಂದು ಗಿಡ ನೆಟ್ಟೆ."

ಓಡಿ ಬಂದು ಅಜ್ಜಿಗೆ ಹೇಳಿದೆ. ಅವರು ಕಣ್ಣೊರೆಸಿಕೊಂಡರು, ಮರುಕ್ಷಣ ತಲೆಗೆ ಕೈಹೊತ್ತರು. "ಅಯ್ಯ ಶಿವನ! ಹೂವು ಯಾರದೋ ಪುಣ್ಯಾ ಅವರದು ಅಂತಾರ. ಪೂಜಿ ನಂದು, ಪುಣ್ಯಾ ಎಲ್ಲಾ ಆಕೀಗ ಹೋಗೇತೇನು?"

ಕಾಗದಗಳು ಗಡುವಿನೊಳಗೆ ತಲುಪಿದವು. ಮಗು ಬಂದ ದಿನ ನನ್ನನ್ನೂ ಕರೆದಿದ್ದರು. ಅಜ್ಜಿ ಆರತಿ ಎತ್ತಿ, ಮಗುವನ್ನು ಮೊದಲು ಪಕ್ಕದ ಮನೆಯಾಕೆಯ ಕೈಗೇ ಕೊಟ್ಟರು. ಆಕೆ ಎದೆಗವಚಿಕೊಂಡು ಅತ್ತೇಬಿಟ್ಟಳು.

ಸ್ವಲ್ಪ ಹೊತ್ತು ನೋಡಿ ಅಜ್ಜಿ ಎರಡೂ ಕೈ ಚಾಚಿದರು. "ಸಾಕು, ಇಲ್ಲಿ ಕೊಡವಾ. ಪುಣ್ಯಾ ನಿಂದು, ಕೂಸು ನಂದು."